ಅಜ್ಜಿಗೆ ಪಿಸಿಟಿ ಎಷ್ಟು ಬಂತು?

ನಮ್ಮ ಜನಕ್ಕೆ ಒಂದು ಅಭ್ಯಾಸ ಇದೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಸಂಜೆಯೊಳಗೆ ಬ್ಲಡ್ ರಿಪೋರ್ಟಿನ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲಾ ಸುತ್ತಿರುತ್ತದೆ. ಡೊಂಬಿವಲಿಯ ಮಗ ಕುಂದಾಪುರದ ಅಕ್ಕನಿಗೆ, ಅಕ್ಕ ದುಬೈನ ತಮ್ಮನಿಗೆ, ತಮ್ಮ ತನ್ನ ಜೊತೆ ಓದಿದ ಯಾರೋ ಡಾಕ್ಟರಿಗೆ, ಕೊನೆಗೆ ಅದು ನನಗೆ. ನಾನು ಮುಂಬೈನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಬಯೋಕೆಮಿಸ್ಟ್ರಿ ನೋಡಿಕೊಳ್ಳುವವಳು. ರೋಗಿಯ ಮುಖಕ್ಕಿಂತ ಮೊದಲು ಅವರ ಟ್ಯೂಬು ನೋಡುವವಳು. ನನಗೆ ಬರುವ ಪ್ರಶ್ನೆ ಎರಡೇ ತರ, ಎರಡೂ ಪಿಸಿಟಿ ಅನ್ನುವ, ಸೋಂಕು ಜೋರಾದಾಗ ಏರುವ ರಕ್ತಪರೀಕ್ಷೆಯ ನಂಬರಿನ ಬಗ್ಗೆ. "ಅಕ್ಕಾ, ಅಮ್ಮಂಗೆ ಪಿಸಿಟಿ 1.8 ಬಂದಿದೆಯಂತೆ, ಸೆಪ್ಸಿಸ್ ಅಲ್ವಾ?" ಇಲ್ಲಾಂದ್ರೆ, "ಅಪ್ಪಂಗೆ ಪಿಸಿಟಿ ನಾರ್ಮಲ್ ಅಂತೆ, ಗಾಬರಿ ಇಲ್ಲ ಅಲ್ವಾ?"

ಎರಡಕ್ಕೂ ನನ್ನ ಉತ್ತರ ಒಂದೇ. ಆ ಒಂದು ನಂಬರ್ ನೋಡಿ ಹೇಳೋಕಾಗಲ್ಲ. 80 ದಾಟಿದವರಲ್ಲಂತೂ ಖಂಡಿತ ಆಗಲ್ಲ. ಫೋನಿನಲ್ಲಿ ಇಷ್ಟೇ ಹೇಳಿದರೆ ಯಾರಿಗೂ ಸಮಾಧಾನ ಇಲ್ಲ, ಈಕೆ ಜಾರಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿಬಿಡುತ್ತೇನೆ.

ಮೊದಲು ಸೆಪ್ಸಿಸ್ ಯಾವುದು ಅಂತ ಚಿಕ್ಕದಾಗಿ. 2016ರಿಂದ ಐಸಿಯುಗಳಲ್ಲಿ ನಡೆಯುತ್ತಿರುವ ವಿವರಣೆ ಇದು: ಎಲ್ಲೋ ಒಂದು ಸೋಂಕು ಇದೆ, ಅದರ ಜೊತೆ ಹೋರಾಡುವಾಗ ದೇಹ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುತ್ತಿದೆ. ಉಸಿರಾಟ, ಬಿಪಿ, ಕಿಡ್ನಿ, ಲಿವರ್, ಪ್ಲೇಟ್‌ಲೆಟ್, ಎಚ್ಚರ, ಈ ಆರನ್ನೂ ನೋಡಿ ಸೋಫಾ ಅನ್ನುವ ಸ್ಕೋರ್ ಹಾಕುತ್ತಾರೆ. ಸೋಂಕಿನ ಅನುಮಾನ ಇದ್ದು, ಸ್ಕೋರ್ ಮೊದಲಿದ್ದದ್ದಕ್ಕಿಂತ 2 ಅಥವಾ ಅದಕ್ಕಿಂತ ಜಾಸ್ತಿ ಏರಿದರೆ ಸೆಪ್ಸಿಸ್. ಇದರಲ್ಲಿ ಸಿಆರ್‌ಪಿ (ಉರಿಯೂತ ಇದ್ದರೆ ಏರುವ ಪ್ರೋಟೀನ್) ಇಲ್ಲ, ಪಿಸಿಟಿ ಇಲ್ಲ, ಬಿಳಿ ರಕ್ತಕಣದ ಲೆಕ್ಕವೂ ಇಲ್ಲ. "ಹೌದು, ಇದು ಸೆಪ್ಸಿಸ್" ಅಂತ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಎಷ್ಟು ದುಡ್ಡು ಕೊಟ್ಟರೂ ಇಲ್ಲ.

ಆ "ಮೊದಲಿದ್ದದ್ದಕ್ಕಿಂತ" ಅನ್ನುವುದೇ ವಯಸ್ಸಾದವರಲ್ಲಿ ತಲೆನೋವು. ಮೂವತ್ತರ ಹುಡುಗನಿಗೆ ಮೊದಲು ಎಲ್ಲವೂ ಸರಿ ಇತ್ತು ಅಂತ ಹಿಡಿದುಕೊಂಡರೆ ತಪ್ಪಿಲ್ಲ. 88ರ ಅಜ್ಜನಿಗೆ ಕಿಡ್ನಿ ಮೊದಲೇ ಅರ್ಧ ಸೋತಿರುತ್ತದೆ, ಸ್ವಲ್ಪ ಮರೆವು ಇರುತ್ತದೆ, ಬಿಪಿಗೆ ಮಾತ್ರೆ ನಡೆಯುತ್ತಿರುತ್ತದೆ. ಇದರಲ್ಲಿ ಹಳೇದು ಯಾವುದು, ಈ ಮೂರು ದಿನದ್ದು ಯಾವುದು? ಲ್ಯಾಬಿಗೆ ಗೊತ್ತಾಗಲ್ಲ. ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರಿಗೆ ಮೊದಲೇ ಗೊತ್ತಿರಲ್ಲ.

ಇನ್ನು ಜ್ವರ. ಸೋಂಕು ಆದ ವಯಸ್ಸಾದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಜ್ವರವೇ ಬರುವುದಿಲ್ಲ, ಬಂದರೂ ಲೆಕ್ಕಕ್ಕೆ ಸಿಗದಷ್ಟು ಬರುತ್ತದೆ. ಮೈ ತಣ್ಣಗಾಗುವುದೂ ಉಂಟು. ಬಿಪಿಗೆ ಅಂತ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಓಡುವುದೇ ಇಲ್ಲ. ಬಿಳಿ ರಕ್ತಕಣ ನಾರ್ಮಲ್ಲಾಗಿ 7,000ದಲ್ಲೇ ಇರುತ್ತದೆ. ಕಾಣಿಸುವುದು ಬೇರೆ ಏನೋ. ಊಟ ಬೇಡ ಅಂತಾರೆ, ಬಾತ್‌ರೂಮಿಗೆ ಹೋಗುವಾಗ ಬೀಳುತ್ತಾರೆ, ರಾತ್ರಿ ಎದ್ದು ಕೂತು ಸತ್ತುಹೋದ ತಮ್ಮನನ್ನು ಕರೆಯುತ್ತಾರೆ, ಮಾರನೇ ದಿನ ಇಡೀ ಮಲಗೇ ಇರುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತಾರೆ. ಹೀಗೆ ಒಂದು ದಿನದಲ್ಲಿ ಬುದ್ಧಿ ಮಂಕಾದರೆ ಅದು ವಯಸ್ಸಲ್ಲ. ಯಾವ ರಿಪೋರ್ಟಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣ ಅದು.

ಇದರ ಉಲ್ಟಾ ಕೂಡ ಇದೆ. ವಯಸ್ಸಾದ ಮೈಯಲ್ಲಿ ಸಣ್ಣ ಉರಿಯೂತ ಯಾವಾಗಲೂ ಇದ್ದೇ ಇರುತ್ತದೆ. ಉರಿಯೂತ ನೋಡುವ ಹಳೇ ಟೆಸ್ಟು ಇಎಸ್‌ಆರ್ ತೆಗೆದುಕೊಳ್ಳಿ. ಅದಕ್ಕೆ ಹಳೇ ಲೆಕ್ಕ ಒಂದಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಕೂಡಿಸಿ ಅರ್ಧ. ಆ ಲೆಕ್ಕದಲ್ಲಿ 84ರ ಅಜ್ಜಿಗೆ 47 ಬಂದರೂ ನಾರ್ಮಲ್. ರಿಪೋರ್ಟಿನಲ್ಲಿ ಮಾತ್ರ ಅದು ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಬಾಣದ ಗುರುತಿನ ಜೊತೆ ಬಂದಿರುತ್ತದೆ, ಮನೆಯವರಿಗೆ ನಿದ್ದೆ ಇಲ್ಲ.

ಸಿಆರ್‌ಪಿಯನ್ನು 1930ರಲ್ಲೇ ಕಂಡುಹಿಡಿದರು, ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಲಿವರ್ ಮಾಡುವ ಪ್ರೋಟೀನ್ ಅದು. ಏರೋಕೆ ಆರು ಗಂಟೆಗಿಂತ ಜಾಸ್ತಿ ಬೇಕು, ಶಿಖರ ಮುಟ್ಟೋಕೆ ಎರಡು ದಿನ. ಸೋಂಕಿರಲಿ, ಮೂಳೆ ಮುರಿದಿರಲಿ, ಹಾರ್ಟ್ ಅಟ್ಯಾಕ್ ಇರಲಿ, ಗೌಟ್ ಇರಲಿ, ಎಲ್ಲದಕ್ಕೂ ಏರುತ್ತದೆ. ಲಿವರ್ ಪೂರ್ತಿ ಕೆಟ್ಟಿದ್ದರೆ ಏರಬೇಕಾದಾಗಲೂ ಏರುವುದಿಲ್ಲ, ಮಾಡುವ ಕಾರ್ಖಾನೆಯೇ ಬಂದ್ ಆಗಿರುತ್ತದಲ್ಲ. ಕೀಲುವಾತಕ್ಕೆ ಟೊಸಿಲಿಜುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲೂ ಅಷ್ಟೇ, ಸಿಆರ್‌ಪಿ ನೆಲದಲ್ಲೇ ಇರುತ್ತದೆ. ಕೋವಿಡ್ ಕಾಲದಲ್ಲಿ ಈ ಔಷಧಕ್ಕಾಗಿ ಮುಂಬೈ ಇಡೀ ಓಡಾಡಿದವರಿಗೆ ಹೆಸರು ನೆನಪಿರುತ್ತದೆ.

ಪಿಸಿಟಿ, ಅಂದರೆ ಪ್ರೊಕ್ಯಾಲ್ಸಿಟೋನಿನ್, ಇದಕ್ಕಿಂತ ಜಾಣ. ಎಲ್ಲರಿಗೂ ಇದರ ಮೇಲೆ ಇಷ್ಟು ನಂಬಿಕೆ ಬಂದಿರುವುದು ಸುಮ್ನೆ ಅಲ್ಲ. ಮಾಮೂಲಿಯಾಗಿ ಥೈರಾಯ್ಡಿನಲ್ಲಿ ಹುಟ್ಟುವ, ಕ್ಯಾಲ್ಸಿಟೋನಿನ್ ಹಾರ್ಮೋನಿನ ಮೊದಲ ರೂಪ ಇದು. ಆರೋಗ್ಯವಾಗಿರುವವರ ರಕ್ತದಲ್ಲಿ 0.1 ಕೂಡ ಇರುವುದಿಲ್ಲ. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಲಿವರ್, ಶ್ವಾಸಕೋಶ, ಕೊಬ್ಬು, ಹೀಗೆ ಮೈಯ ಎಲ್ಲೆಲ್ಲೋ ತಯಾರಾಗಿ ರಕ್ತಕ್ಕೆ ಸುರಿಯುತ್ತದೆ. 1993ರಲ್ಲಿ ಫ್ರಾನ್ಸಿನ ತಂಡ ಇದನ್ನು ಮೊದಲು ಬರೆಯಿತು. ನಾಲ್ಕು ಗಂಟೆಯೊಳಗೆ ಏರತೊಡಗುತ್ತದೆ, ಸೋಂಕು ಹತೋಟಿಗೆ ಬಂದರೆ ಹೆಚ್ಚು ಕಮ್ಮಿ ದಿನಕ್ಕೆ ಅರ್ಧದಂತೆ ಇಳಿಯುತ್ತದೆ. ವೈರಸ್ ಜ್ವರದಲ್ಲಿ ಅಷ್ಟಾಗಿ ಏರುವುದಿಲ್ಲ. 0.5ಕ್ಕಿಂತ ಮೇಲೆ ಅನುಮಾನ, 2ಕ್ಕಿಂತ ಮೇಲೆ ಗಂಭೀರ, 10 ದಾಟಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಪುಸ್ತಕದ ಪ್ರಕಾರ.

ಐಸಿಯುನ ವೃದ್ಧರಲ್ಲಿ ಈ ಪುಸ್ತಕ ಎಲ್ಲಿ ಕೈ ಕೊಡುತ್ತದೆ ಅಂದರೆ, ಮೊದಲನೇದು ಕಿಡ್ನಿ. ಕಿಡ್ನಿ ಸೋತವರಲ್ಲಿ ಸೋಂಕಿಲ್ಲದೆಯೂ ಪಿಸಿಟಿ ಮೇಲೇ ಇರುತ್ತದೆ, ಇಳಿಯುವುದೂ ನಿಧಾನ. "ಅಮ್ಮನ ಕಿಡ್ನಿ ಸರಿ ಇದೆ, ಕ್ರಿಯಾಟಿನಿನ್ 1.2 ಅಷ್ಟೇ" ಅಂತ ಹೇಳುತ್ತಾರೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ, ಹೊರಗೆ ಹಾಕುವುದು ಕಿಡ್ನಿ. 86 ವರ್ಷದ, 40 ಕೆಜಿ ತೂಕದ ಅಮ್ಮನಲ್ಲಿ ಮಾಂಸಖಂಡ ಎಲ್ಲಿದೆ? ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಹಾಕಿ ನೋಡಿ, ಆ 1.2ಕ್ಕೆ ಕಿಡ್ನಿ ಶೋಧಿಸುತ್ತಿರುವುದು ನಿಮಿಷಕ್ಕೆ ಸುಮಾರು 21 ಎಂಎಲ್. ಯುವಕರಲ್ಲಿ ಅದು ನೂರರ ಆಸುಪಾಸು ಇರುತ್ತದೆ. ನಾರ್ಮಲ್ ಅಂತ ಮುದ್ರೆ ಹೊತ್ತು ಬರುವ ನಂಬರುಗಳಲ್ಲಿ ನನಗೆ ಅತಿ ಸಿಟ್ಟು ಬರಿಸುವುದು ಇದೇ.

ಎರಡನೇದು ಗಾಯ ಮತ್ತು ಆಪರೇಷನ್. ದೊಡ್ಡ ಆಪರೇಷನ್, ಸುಟ್ಟ ಗಾಯ, ಹೃದಯ ನಿಂತು ಮತ್ತೆ ಶುರುವಾಗಿದ್ದು, ಇವೆಲ್ಲದರಲ್ಲೂ ಪಿಸಿಟಿ ಏರುತ್ತದೆ. ಮೇಲೆ ಹೇಳಿದ 1.8 ಅಂತಹದ್ದೇ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಆಕೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ 86ರ ಹೆಂಗಸು. ಮಾರನೇ ದಿನ ಪಿಸಿಟಿ 1.8, ಅದರ ಮರುದಿನ ಸಿಆರ್‌ಪಿ 180. ಮಗ ಅಳುವ ಹಾಗಾಗಿದ್ದ. ಬಿಪಿ ಸರಿ ಇತ್ತು, ಮೂತ್ರ ಸರಿಯಾಗಿ ಹೋಗುತ್ತಿತ್ತು, ಅಮ್ಮ ಮಾವಶಿಯ (ವಾರ್ಡಿನ ಆಯಾ) ಹತ್ತಿರ ಚಹಾಕ್ಕೆ ಸಕ್ಕರೆ ಕಡಿಮೆ ಅಂತ ಜಗಳ ಆಡುತ್ತಿದ್ದರು. ಪಿಸಿಟಿ 1.0ಕ್ಕೆ, ಆಮೇಲೆ 0.5ಕ್ಕೆ ಇಳಿಯಿತು. ಐಸಿಯು ಡಾಕ್ಟರ್ ಹೊಸ ಆಂಟಿಬಯಾಟಿಕ್ ಒಂದನ್ನೂ ಸೇರಿಸಲಿಲ್ಲ, ಒಳ್ಳೇ ಕೆಲಸ ಮಾಡಿದರು. ಇಳಿಯುತ್ತಾ ಇದ್ದದ್ದು ನಾಲ್ಕನೇ ದಿನ ಮತ್ತೆ ಏರಿದ್ದರೆ ಕಥೆಯೇ ಬೇರೆ, ಆಗ ಗಾಯ, ಎದೆ, ಕ್ಯಾಥೆಟರ್ ಎಲ್ಲಾ ಜಾಲಾಡಬೇಕಿತ್ತು.

ಈಗ ಇದರ ವಿರುದ್ಧದ್ದು. ಥಾಣೆ ಕಡೆಯಿಂದ ಬಂದ 91ರ ಅಜ್ಜ. ಎರಡು ದಿನದಿಂದ ಮಂಪರು. ಜ್ವರ ಇಲ್ಲ. ಬಿಳಿ ರಕ್ತಕಣ 7,200, ಸಿಆರ್‌ಪಿ 30, ಪಿಸಿಟಿ 0.3. "ಎಲ್ಲಾ ಹೆಚ್ಚು ಕಮ್ಮಿ ನಾರ್ಮಲ್ಲೇ" ಅಂತ ಮೊಮ್ಮಗನ ಮೆಸೇಜು. ಆದರೆ ಅದೇ ಕಾಗದದಲ್ಲಿ ಪ್ಲೇಟ್‌ಲೆಟ್ 96,000 ಇತ್ತು, ಹಿಂದಿನ ತಿಂಗಳ ಚೆಕಪ್ಪಿನಲ್ಲಿ 2 ಲಕ್ಷದ ಮೇಲಿತ್ತು. ಈಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಸೊನ್ನೆ, ಜೋರು ಸೋಂಕಿನಲ್ಲಿ ಹೀಗಾಗುವುದುಂಟು. ಅಂಗಾಂಗಗಳ ತೊಂದರೆ ತೋರಿಸುವ ಲ್ಯಾಕ್ಟೇಟ್ 3.8, ಅಂದರೆ ಜಾಸ್ತಿ. ಡಾಕ್ಟರ್ ಪಿಸಿಟಿಗೆ ಕಾಯದೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ ಆಂಟಿಬಯಾಟಿಕ್ ಶುರು ಮಾಡಿದ್ದರು. ಮರುದಿನ ಪಿಸಿಟಿ 14. ಮೂತ್ರದಲ್ಲೂ ರಕ್ತದಲ್ಲೂ ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಯಿತು. ಮೊದಲ ಪಿಸಿಟಿ ಸುಳ್ಳು ಹೇಳಿರಲಿಲ್ಲ, ಅದು ಇನ್ನೂ ಏರಿರಲಿಲ್ಲ ಅಷ್ಟೇ.

ಇದಕ್ಕೇ 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ ಪಿಸಿಟಿ ಬಗ್ಗೆ ಎರಡು ಬೇರೆ ಬೇರೆ ಮಾತು ಹೇಳುತ್ತದೆ. ಆಂಟಿಬಯಾಟಿಕ್ ಶುರು ಮಾಡಬೇಕಾ ಬೇಡವಾ ಅಂತ ತೀರ್ಮಾನಿಸೋಕೆ ಪಿಸಿಟಿ ಸೇರಿಸಿಕೊಳ್ಳಬೇಡಿ, ರೋಗಿಯನ್ನು ನೋಡಿ ತೀರ್ಮಾನಿಸಿ. ಯಾವಾಗ ನಿಲ್ಲಿಸಬೇಕು ಅನ್ನೋಕೆ, ರೋಗಿಯ ಸ್ಥಿತಿ ಜೊತೆಗೆ ಬಳಸಿ. ನನ್ನ ಅಭಿಪ್ರಾಯವೂ ಅದೇ, ಬಹಳ ವರ್ಷದಿಂದ. ಈ ಟೆಸ್ಟಿನ ನಿಜವಾದ ಉಪಯೋಗ ನಿಲ್ಲಿಸುವುದರಲ್ಲಿ. ನೆದರ್‌ಲ್ಯಾಂಡ್ಸಿನಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಸಿಟಿ ತನ್ನ ಶಿಖರದಿಂದ 80 ಶೇಕಡಾ ಇಳಿದರೆ ಅಥವಾ 0.5ಕ್ಕೆ ಬಂದರೆ ನಿಲ್ಲಿಸಿ ಅಂತ ಡಾಕ್ಟರಿಗೆ ಸಲಹೆ ಹೋಗುತ್ತಿತ್ತು. ಆಂಟಿಬಯಾಟಿಕ್ 7 ದಿನದಿಂದ 5ಕ್ಕೆ ಇಳಿಯಿತು, ಸಾವು ಜಾಸ್ತಿ ಆಗಲಿಲ್ಲ, ಬದಲಿಗೆ ಕಡಿಮೆಯೇ ಆಯಿತು. 2024ರ ಕೊನೆಗೆ ಬಂದ ಬ್ರಿಟನ್ನಿನ ಅಧ್ಯಯನ 2,760 ಐಸಿಯು ರೋಗಿಗಳದ್ದು. ಅಲ್ಲೂ ಪಿಸಿಟಿ ನೋಡಿ ನಡೆದ ಗುಂಪಿನಲ್ಲಿ ಸುಮಾರು ಒಂದು ದಿನದ ಆಂಟಿಬಯಾಟಿಕ್ ಉಳಿತಾಯವಾಯಿತು, ಸಿಆರ್‌ಪಿ ನೋಡಿ ನಡೆದ ಗುಂಪಿನಲ್ಲಿ ಏನೂ ಉಳಿಯಲಿಲ್ಲ.

ಒಂದೆರಡು ದಿನ ಅಂದರೆ ಏನು ಮಹಾ ಅನ್ನಿಸಬಹುದು. ನಮ್ಮ ಐಸಿಯುಗಳಲ್ಲಿ ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಮಾಮೂಲಿ ಔಷಧಕ್ಕೆ ಜಗ್ಗದೆ ಕೂತಿವೆ, ಕೊನೆಗೆ ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ, ಅದು ಕಿಡ್ನಿಗೆ ಹೊಡೆತ. ನಿಮಿಷಕ್ಕೆ 21 ಎಂಎಲ್ ಉಳಿಸಿಕೊಂಡಿರುವ ಅಮ್ಮನಿಗೆ ಆ ಎರಡು ದಿನ ದೊಡ್ಡದೇ. ನಮ್ಮಲ್ಲಿ ಪಿಸಿಟಿಯನ್ನು ಬಳಸುವುದು ಹೆಚ್ಚಾಗಿ ಶುರು ಮಾಡೋಕೆ, ಒಂದು ಸಲ. ಆಮೇಲೆ ಮತ್ತೆ ನೋಡಲು ಹೇಳಿದರೆ "ಸಾವಿರಗಟ್ಟಲೆ ಖರ್ಚು ಯಾಕೆ" ಅಂತಾರೆ. ಒಂದೇ ಸಲ ಮಾಡಿಸಿದ್ದೇ ಆ ದುಡ್ಡಿನ ದಂಡ, ನನ್ನ ಕೇಳಿದರೆ.

ಮುಂಬೈ ಮಳೆಗಾಲದ ಮಾತು ಬೇರೆಯೇ ಹೇಳಬೇಕು. ಜುಲೈನಿಂದ ಸೆಪ್ಟೆಂಬರ್ ತನಕ ಪ್ಲೇಟ್‌ಲೆಟ್ ಇಳಿದು ಬರುವವರಲ್ಲಿ ಡೆಂಗ್ಯೂ, ಮಲೇರಿಯಾ, ಲೆಪ್ಟೋ (ಇಲಿ ಜ್ವರ) ಎಲ್ಲಾ ಕಲಸಿಹೋಗಿರುತ್ತದೆ. ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲ, ಆದರೂ ಫಾಲ್ಸಿಪೇರಮ್ ಜಾತಿಯ ಮಲೇರಿಯಾ ಜೋರಾದರೆ ಪಿಸಿಟಿ ಚೆನ್ನಾಗಿ ಏರುತ್ತದೆ. ಲೆಪ್ಟೋದಲ್ಲೂ ಏರುತ್ತದೆ. 2005ರ ಜುಲೈ 26ರ ಪ್ರವಾಹದ ನಂತರ ಈ ಊರಿಗೆ ಲೆಪ್ಟೋ ಏನು ಅಂತ ಚೆನ್ನಾಗಿ ಗೊತ್ತು. ಈಗಲೂ ನೀರು ನಿಂತರೆ ಪಾಲಿಕೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಅಂತ ಸೂಚನೆ ಕೊಡುತ್ತದೆ. 82ರ ಅಜ್ಜ ಪ್ರವಾಹದಲ್ಲಿ ನಡೆದಿರಲ್ಲ ಅಂತ ಅಂದುಕೊಳ್ಳಬೇಡಿ. ಮನೆ ಗ್ರೌಂಡ್ ಫ್ಲೋರಿನಲ್ಲಿದ್ದರೆ ನೀರೇ ಅವರ ಹತ್ತಿರ ಬಂದಿರುತ್ತದೆ. ಡಾಕ್ಟರಿಗೆ ಹೇಳಿ.

ಲ್ಯಾಕ್ಟೇಟ್ ಬಗ್ಗೆ ಲ್ಯಾಬಿನವಳಾಗಿ ನನಗೊಂದು ಗೋಳು ಇದೆ. ಇದು ಸೋಂಕಿನ ಗುರುತಲ್ಲ. ಅಂಗಾಂಗಗಳು ತೊಂದರೆಯಲ್ಲಿವೆ ಅನ್ನುವುದರ ಗುರುತು. ಸಾಕಷ್ಟು ಸಲೈನ್ ಕೊಟ್ಟ ಮೇಲೂ 2ಕ್ಕಿಂತ ಮೇಲಿದ್ದು, ಬಿಪಿ ಬೀಳದ ಹಾಗೆ ಹಿಡಿಯೋಕೆ ನಾರ್‌ಅಡ್ರಿನಲಿನ್ ತರದ ಔಷಧ ಬೇಕಾಗುತ್ತಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಅಂತಾರೆ. ಆದರೆ ರಕ್ತ ತೆಗೆದ ಮೇಲೂ ಟ್ಯೂಬಿನೊಳಗಿನ ಕಣಗಳು ಸಕ್ಕರೆ ತಿನ್ನುತ್ತಾ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಸಿರಿಂಜನ್ನು ಕೂಡಲೇ ಮೆಷಿನ್ನಿಗೆ ಹಾಕಬೇಕು, ತಡ ಆಗುವುದಿದ್ದರೆ ಐಸಿನಲ್ಲಿಡಬೇಕು. ವಾರ್ಡಿನ ಮೇಜಿನ ಮೇಲೆ ಕೂತು, ಲಿಫ್ಟಿಗೆ ಕಾದು, ಮಾಮಾ (ವಾರ್ಡ್ ಬಾಯ್) ಚಹಾ ಮುಗಿಸಿ ತಂದ ಸ್ಯಾಂಪಲ್ಲಿನಲ್ಲಿ 2.6 ಬಂದರೆ ನಾನು ಅದನ್ನು ನಂಬಲ್ಲ, ಫೋನ್ ಮಾಡಿ ಮತ್ತೆ ಕಳಿಸಿ ಅಂತೀನಿ. ಸಿಸ್ಟರ್ ಬೈದುಕೊಳ್ಳುತ್ತಾರೆ. ದಮ್ಮಿಗೆ ಸಾಲ್ಬುಟಮಾಲ್ ನೆಬ್ಯುಲೈಸೇಷನ್ ಪದೇ ಪದೇ ಕೊಟ್ಟಿದ್ದರೂ, ಫಿಟ್ಸ್ ಬಂದಿದ್ದರೂ, ಕಿಡ್ನಿ ಸೋತವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೂ ಲ್ಯಾಕ್ಟೇಟ್ ಏರುತ್ತದೆ.

ಬ್ಲಡ್ ಕಲ್ಚರ್ ಇವೆಲ್ಲಕ್ಕಿಂತ ಹಳೇ ಪರೀಕ್ಷೆ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಹೇಳುವುದು ಇದು. ಸೆಪ್ಸಿಸ್ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಬೆಳೆಯುತ್ತದೆ, ಅದು ನಿಜ. ಆದರೆ ಬೆಳೆಯದಿರೋಕೆ ಒಂದು ಕಾರಣ ನಮ್ಮ ಕೈಯಲ್ಲೇ ಇದೆ. ಪ್ರತಿ ಬಾಟಲಿಗೆ 8 ರಿಂದ 10 ಎಂಎಲ್ ರಕ್ತ ಬೇಕು, ಎರಡು ಬೇರೆ ಜಾಗದಿಂದ ಎರಡು ಸೆಟ್ ಬೇಕು, ಅದೂ ಆಂಟಿಬಯಾಟಿಕ್ ಹೋಗುವ ಮೊದಲು. ಅಜ್ಜಿಯ ನರ ದಾರದಷ್ಟು ತೆಳು, ಚುಚ್ಚಿದರೆ ಒಡೆದು ನೀಲಿಯಾಗುತ್ತದೆ, ಅಳುತ್ತಾರೆ, ಪಾಪ ಸಿಸ್ಟರ್ ಸಿಕ್ಕ 3 ಎಂಎಲ್ ಹಾಕಿ ಒಂದೇ ಬಾಟಲಿ ಕಳಿಸುತ್ತಾರೆ. ವಯಸ್ಸಾದವರ ಕಲ್ಚರ್ ತಪ್ಪಿಹೋಗುವುದು ಅಲ್ಲೇ. ಆ ಒಂದೇ ಬಾಟಲಿಯಲ್ಲಿ ಚರ್ಮದ ಸ್ಟೆಫೈಲೋಕಾಕಸ್ ಬೆಳೆದರೆ ಅದು ಸೋಂಕೋ, ಸೂಜಿ ಜೊತೆ ಬಂದದ್ದೋ ಹೇಳೋಕಾಗಲ್ಲ. ಮೂತ್ರದ ಕಲ್ಚರಿನಲ್ಲಿ ಇದಕ್ಕಿಂತ ದೊಡ್ಡ ಗೊಂದಲ. ವಯಸ್ಸಾದ ಹೆಂಗಸರಲ್ಲಿ ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ತೀರಾ ಮಾಮೂಲು. ಅದನ್ನೇ ಹಿಡಿದುಕೊಂಡು "ಸೋಂಕು ಸಿಕ್ಕಿತು" ಅಂತ ನಿಂತುಬಿಟ್ಟರೆ ಎದೆಯಲ್ಲೋ ಪಿತ್ತಕೋಶದಲ್ಲೋ ಇರುವ ನಿಜವಾದ ಸೋಂಕು ಹಾಗೇ ಉಳಿದುಹೋಗುತ್ತದೆ.

ಹೊಸ ಟೆಸ್ಟುಗಳೂ ಬಂದಿವೆ. ಪ್ರಿಸೆಪ್ಸಿನ್ ಅಂತ ಜಪಾನಿನಿಂದ ಬಂದದ್ದು ಒಂದು, ಅದೂ ಕಿಡ್ನಿ ಸೋತವರಲ್ಲಿ ಏರುತ್ತದೆ, ಅಲ್ಲಿಗೆ ನಮ್ಮ ಅಜ್ಜಿಯರಿಗೆ ಹಳೇ ಗೋಳೇ. ಮಾನೋಸೈಟ್ ಅನ್ನುವ ಬಿಳಿ ರಕ್ತಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಅಂತ ರಕ್ತಕಣ ಎಣಿಸುವ ಸಿಬಿಸಿ ಮೆಷಿನ್ನೇ ಅಳೆಯುವ ವಿಧಾನ ಇನ್ನೊಂದು. ಬೇರೆ ರಕ್ತ ಬೇಕಾಗಲ್ಲ, ನನಗೆ ಇಷ್ಟವಾದದ್ದು ಅದಕ್ಕೇ. ಐಸಿಯುನಲ್ಲಿ ದಿನಾ ಟ್ಯೂಬಿನ ಮೇಲೆ ಟ್ಯೂಬು ತೆಗೆದೇ ಎಷ್ಟೋ ಮುದುಕರ ಹಿಮೋಗ್ಲೋಬಿನ್ ಇಳಿಯುತ್ತದೆ, ಆಮೇಲೆ ರಕ್ತ ಕೊಡಿ ಅಂತಾರೆ. ಇನ್ನು, ಇಷ್ಟೆಲ್ಲಾ ಕಟ್‌ಆಫ್‌ಗಳು ಬಂದಿರುವುದು ಹೆಚ್ಚಾಗಿ ಅರವತ್ತರ ಆಸುಪಾಸಿನ ರೋಗಿಗಳಿಂದ. 80 ದಾಟಿದವರನ್ನೇ ನೋಡಿದ ಯುರೋಪಿನ ವಿಐಪಿ (ಇಲ್ಲಿ ಐಸಿಯು ಸೇರಿದ ಅತಿ ವೃದ್ಧರು ಅಂತ ಅರ್ಥ) ಅಧ್ಯಯನಗಳು ಎತ್ತಿ ತೋರಿಸಿದ್ದು, ಈ ವಯಸ್ಸಿನಲ್ಲಿ ಮುಂದೇನಾಗುತ್ತದೆ ಅನ್ನೋಕೆ, ಆಸ್ಪತ್ರೆಗೆ ಬರುವ ಮೊದಲು ಆ ಮನುಷ್ಯ ಎಷ್ಟು ಗಟ್ಟಿ ಇದ್ದ ಅನ್ನುವುದು ತುಂಬಾ ಮುಖ್ಯ ಅಂತ. ಅದಕ್ಕೆ ಒಂಬತ್ತು ಮೆಟ್ಟಿಲಿನ ಸ್ಕೇಲ್ ಇದೆ. ರಕ್ತ ಬೇಡ, ಮನೆಯವರನ್ನು ಎರಡು ನಿಮಿಷ ಮಾತಾಡಿಸಿದರೆ ಸಾಕು.

ಹಾಗಾಗಿ ರಿಪೋರ್ಟಿನ ಫೋಟೋ ಕಳಿಸುವ ಮೊದಲು ಐಸಿಯು ಡಾಕ್ಟರ ಹತ್ತಿರ ಕೂತು ಇದನ್ನು ಹೇಳಿ: ಹದಿನೈದು ದಿನದ ಹಿಂದೆ ಅಪ್ಪ ತಾವೇ ಸ್ನಾನ ಮಾಡುತ್ತಿದ್ದರಾ, ಕೆಳಗಿಳಿದು ಪೇಪರ್ ತರುತ್ತಿದ್ದರಾ, ಮೊಮ್ಮಕ್ಕಳ ಹೆಸರು ನೆನಪಿತ್ತಾ, ಯಾವ ಮಾತ್ರೆ ನಡೆಯುತ್ತಿತ್ತು. ಸ್ಟೆರಾಯ್ಡ್, ಬೀಟಾ ಬ್ಲಾಕರ್, ಮೆಟ್‌ಫಾರ್ಮಿನ್ ಇದ್ದರೆ ಹೆಸರು ಹಿಡಿದು ಹೇಳಿ. ಡಬ್ಬಿಯನ್ನೇ ಒಯ್ದರೆ ಇನ್ನೂ ಒಳ್ಳೇದು. ಊರಿನ ಆಯುರ್ವೇದದ ಪುಡಿ ಇದ್ದರೆ ಅದನ್ನೂ, ನಾಚಿಕೊಳ್ಳಬೇಡಿ. ಹಳೇ ರಿಪೋರ್ಟು ಹುಡುಕಿ ಕೊಡಿ. ಆಮೇಲೆ ಕೇಳಿ: ಸೋಂಕು ಎಲ್ಲಿದೆ ಅಂತ ನಿಮ್ಮ ಅಂದಾಜು, ಕಲ್ಚರ್ ಯಾವಾಗ ತೆಗೆದಿರಿ, ಏನು ಬೆಳೆಯಿತು, ಆಂಟಿಬಯಾಟಿಕ್ ಯಾವತ್ತು ನಿಲ್ಲಿಸುವ ಯೋಚನೆ ಇದೆ. "ಪಿಸಿಟಿ ಎಷ್ಟು" ಅನ್ನುವುದನ್ನು ಕೊನೆಗೆ ಕೇಳಿ, ಕೇಳುವಾಗ "ನಿನ್ನೆ ಎಷ್ಟಿತ್ತು" ಅಂತಲೂ ಕೇಳಿ.

ಅಷ್ಟಾದರೂ ನನಗೆ ಫೋಟೋ ಕಳಿಸಲೇಬೇಕು ಅನ್ನಿಸಿದರೆ, ಪೂರ್ತಿ ಪುಟದ ಫೋಟೋ ಕಳಿಸಿ, ನಂಬರ್ ಮಾತ್ರ ಟೈಪ್ ಮಾಡಬೇಡಿ. ಸಿಆರ್‌ಪಿಯನ್ನು ಕೆಲವು ಲ್ಯಾಬು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಒಂದಕ್ಕೊಂದು ಹತ್ತು ಪಟ್ಟು ವ್ಯತ್ಯಾಸ. ಮುಲುಂಡ್‌ನ ಲ್ಯಾಬಿನ 180, ಬದಲಿಸಿದ ಆಸ್ಪತ್ರೆಯಲ್ಲಿ 18 ಆಗಿ ಬಂದದ್ದನ್ನು ನೋಡಿ "ಅಕ್ಕಾ, ತುಂಬಾ ಇಳಿದಿದೆ" ಅಂತ ಮನೆಯಲ್ಲಿ ಪಾಯಸ ಮಾಡಿದವರಿದ್ದಾರೆ. ಇಳಿದಿರಲಿಲ್ಲ.